ವರ್ಷಾಂತ್ಯದಲ್ಲಿ ಒಬ್ಬ ತಂದೆಯ ಜಮಾ-ಖರ್ಚು

ಸಂಘದ ಸ್ಮರಣ ಸಂಚಿಕೆಗೆ ಆರೋಗ್ಯದ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಒಪ್ಪಿಕೊಳ್ಳಲು ನಾನು ಬಹಳ ಹಿಂಜರಿದೆ. ಈ ಸಂಚಿಕೆಯಲ್ಲಿ ವರ್ಷ ವರ್ಷವೂ ಬರೆಯುವ ವೈದ್ಯ ಮಹನೀಯರ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಅರ್ಹತೆ ನನಗಿಲ್ಲ. ನಾನು ಓದಿದ್ದು ವಾಣಿಜ್ಯ ಶಾಸ್ತ್ರ. ಮಾಡುವುದು ಬ್ಯಾಂಕಿನ ಅಧಿಕಾರಿಯ ಕೆಲಸ. ದೇಹದ ಲೆಕ್ಕಕ್ಕಿಂತ ದುಡ್ಡಿನ ಲೆಕ್ಕವೇ ನನಗೆ ಹೆಚ್ಚು ಪರಿಚಿತವಾದದ್ದು. ಆದರೆ 2025ರ ಡಿಸೆಂಬರ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗ ಈ ಎರಡು ಲೆಕ್ಕಗಳನ್ನೂ ಒಂದೇ ಪುಟಕ್ಕೆ ತಂದು ನಿಲ್ಲಿಸಿತು. ಅದನ್ನು ಬರೆಯಬಹುದೇ ಎಂದು ಕೇಳಿದೆ. ಬರೆಯಿರಿ ಎಂದರು.

ನಮ್ಮ ವೃತ್ತಿಯಲ್ಲಿ ವರ್ಷಾಂತ್ಯವೆಂದರೆ ಮಾರ್ಚ್ 31. ನನಗಿಂತ ಹಿಂದಿನ ತಲೆಮಾರಿನ ಬ್ಯಾಂಕು ನೌಕರರಿಗೆ ಅದು ಡಿಸೆಂಬರ್ 31 ಆಗಿತ್ತು. 1980ರ ದಶಕದ ಕೊನೆಯವರೆಗೂ ಬ್ಯಾಂಕುಗಳು ಕ್ಯಾಲೆಂಡರ್ ವರ್ಷದ ಪ್ರಕಾರವೇ ಲೆಕ್ಕ ಮುಗಿಸುತ್ತಿದ್ದವು. ಊರೆಲ್ಲ ಹೊಸ ವರ್ಷದ ಸಂಭ್ರಮದಲ್ಲಿರುವಾಗ ಅವರು ದಪ್ಪ ಲೆಡ್ಜರುಗಳ ಮುಂದೆ ಬೆಳಗಿನ ಜಾವದವರೆಗೆ ಶಿಲ್ಕು ತಾಳೆ ನೋಡುತ್ತಿದ್ದರೆಂದು ಕೇಳಿದ್ದೇನೆ. ಮನೆಗೆ ಬಂದರೆ ಯುಗಾದಿಯೇ ವರ್ಷದ ಆರಂಭ. ಮಕ್ಕಳಿಗೆ ಮಾತ್ರ ಡಿಸೆಂಬರ್ 31 ಬಿಟ್ಟರೆ ಬೇರೆ ವರ್ಷಾಂತ್ಯವಿಲ್ಲ. ಹೀಗೆ ಮೂರು ವರ್ಷಾಂತ್ಯಗಳ ನಡುವೆ ಬದುಕುವ ನನ್ನಂಥವನಿಗೆ ಅಢಾವೆ ಪತ್ರಿಕೆ ಬರೆಯುವ ಚಟ ಬಿಡುವುದಿಲ್ಲ. ತಂದೆತನವೊಂದಕ್ಕೆ ಮಾತ್ರ ಅಢಾವೆ ಪತ್ರಿಕೆ ಬರೆದವನಲ್ಲ. ಶಾಲೆಯ ಶುಲ್ಕ, ವಿಮೆಯ ಕಂತು, ಪುಸ್ತಕ, ಬಟ್ಟೆ ಇವನ್ನೆಲ್ಲ ಬರೆದಿಟ್ಟರೆ ತಂದೆಯ ಖಾತೆ ಮುಗಿಯಿತೆಂದೇ ತಿಳಿದಿದ್ದೆ.

ಹೈದರಾಬಾದಿನ ಕನ್ನಡ ಮನೆಗಳಲ್ಲಿ ತಂದೆಯನ್ನು ಕರೆಯುವ ರೀತಿಯೇ ಒಂದು ಸ್ವಾರಸ್ಯದ ಸಂಗತಿ. ಕಾಚಿಗುಡದ ಸುತ್ತಮುತ್ತ ಬಹುಕಾಲದಿಂದ ನೆಲೆಸಿರುವ ಕಲಬುರ್ಗಿ, ರಾಯಚೂರು ಕಡೆಯ ಕುಟುಂಬಗಳಲ್ಲಿ 'ಅಪ್ಪ'. ಹಳೆಯ ಮೈಸೂರು ಕಡೆಯಿಂದ ನೌಕರಿಗಾಗಿ ಬಂದವರ ಕೆಲವು ಮನೆಗಳಲ್ಲಿ 'ಅಣ್ಣ'. ಅಂಗಳದಲ್ಲಿ ತೆಲುಗು ಮಕ್ಕಳೊಡನೆ ಆಡುವಾಗ ನನ್ನ ಒಂಬತ್ತು ವರ್ಷದ ಮಗ ನನ್ನನ್ನು 'ನಾನ್ನಾ' ಎನ್ನುತ್ತಾನೆ. ಮೆಟ್ಟಿಲು ಹತ್ತಿ ಮನೆಯೊಳಗೆ ಬಂದೊಡನೆ ನಾನು ಮತ್ತೆ 'ಅಪ್ಪ' ಆಗುತ್ತೇನೆ. ಪೂರ್ಣಚಂದ್ರ ತೇಜಸ್ವಿಯವರ 'ಅಣ್ಣನ ನೆನಪು' ಪುಸ್ತಕವನ್ನು ನನ್ನ ಮೇಜಿನ ಮೇಲೆ ಕಂಡ ತೆಲುಗು ಸಹೋದ್ಯೋಗಿಯೊಬ್ಬರು, ನಾನು ಹೆಸರನ್ನು ಓದಿ ಹೇಳಿದಾಗ, ಇದು ಅವರ ಹಿರಿಯ ಸಹೋದರನ ಕಥೆಯೇ ಎಂದು ಕೇಳಿದರು. ಅದು ಕುವೆಂಪು ಅವರ ಕಥೆ, ತಂದೆಯನ್ನು ಆ ಮನೆಯಲ್ಲಿ ಹಾಗೆ ಕರೆಯುತ್ತಿದ್ದರು ಎಂದು ವಿವರಿಸಬೇಕಾಯಿತು.

ಕನ್ನಡ ಸಾಹಿತ್ಯದಲ್ಲಿ ತಂದೆ-ಮಕ್ಕಳ ಎರಡು ಜೋಡಿಗಳು ನನಗೆ ಎಂದೂ ಬೆರಗು. ಕುವೆಂಪು ಅವರಿಗೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದರೆ ತೇಜಸ್ವಿಯವರಿಗೆ 1987ರಲ್ಲಿ ಬಂತು. ಡಿ.ವಿ.ಜಿ. ಅವರಿಗೆ 1967ರಲ್ಲಿ, ಅವರ ಪುತ್ರ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರಿಗೆ 1978ರಲ್ಲಿ. ಹೆಂಡತಿಯನ್ನು ಬೇಗನೆ ಕಳೆದುಕೊಂಡ ಡಿ.ವಿ.ಜಿ. ಮತ್ತೆ ಮದುವೆಯಾಗದೆ ಮಕ್ಕಳನ್ನು ಬೆಳೆಸಿದರು. ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರ ಮಗ ಎಂ.ಎ. ಮುಗಿಸಿ, ನೌಕರಿ ಹಿಡಿಯದೆ, ಮೂಡಿಗೆರೆಯ ಕಡೆ ಕಾಫಿ ತೋಟ ಮಾಡಲು ಹೊರಟಾಗ ಆ ತಂದೆ ಅಡ್ಡ ಬರಲಿಲ್ಲ. ಆದರೆ ಇವರೆಲ್ಲ ಮಾತಿನ ಒಡೆಯರು. ತಂದೆ ಬರೆದಿಟ್ಟದ್ದು ಮಗನಿಗೆ ಸಿಕ್ಕಿತು, ಮಗ ಬರೆದದ್ದು ನಮಗೆ ಸಿಕ್ಕಿತು. ನಮ್ಮಂಥ ಮನೆಗಳ ತಂದೆಯರು ಏನನ್ನೂ ಬರೆದಿಡಲಿಲ್ಲವೆಂದೇ ನಾನು ಇಷ್ಟು ಕಾಲ ನಂಬಿದ್ದೆ.

ನನ್ನ ತಂದೆಯವರು ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. 1939ರ ಜೂನ್ ತಿಂಗಳಲ್ಲಿ ಹುಟ್ಟಿದವರು. ಅವರ ಬಾಲ್ಯದಲ್ಲಿ ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ಅವರು ಉರ್ದುವಿನಲ್ಲಿ ಓದುಬರಹ ಕಲಿತಿದ್ದರು. 1956ರ ನವೆಂಬರ್ 1ರಂದು ಆ ಮೂರೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ತಂದೆಯವರ ಉಳಿದ ಜೀವನವೆಲ್ಲ ಕನ್ನಡದ ಕಡತಗಳಲ್ಲಿ ಕಳೆಯಿತು. ಉರ್ದು ಅವರ ಬೆರಳುಗಳಲ್ಲಿ ಉಳಿದಿತ್ತೆಂಬುದು ಮನೆಯವರಿಗೆ ತಿಳಿದಿದ್ದರೂ ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಮಿತಭಾಷಿ ಎಂದರೆ ಸಾಲದು. ನಾನು ಒಂಬತ್ತು ವರ್ಷದವನಾಗಿದ್ದಾಗ ನನ್ನನ್ನು ರೈಲಿನಲ್ಲಿ ಹೈದರಾಬಾದಿಗೆ ಕರೆದುಕೊಂಡು ಬಂದು ನಾಂಪಲ್ಲಿಯ ನುಮಾಯಿಷ್ ತೋರಿಸಿದರು. ನಿಜಾಮರ ಕಾಲದಲ್ಲಿ, 1938ರಲ್ಲಿ ಆರಂಭವಾದ ಆ ಪ್ರದರ್ಶನವನ್ನು ಅವರ ತಂದೆ ಅವರಿಗೆ ತೋರಿಸಿದ್ದರಂತೆ. ಇದನ್ನು ನಾನು ತಿಳಿದದ್ದೂ ಅವ್ವನಿಂದಲೇ. ಎರಡು ದಿನಗಳಲ್ಲಿ ಅವರು ನನ್ನೊಡನೆ ಆಡಿದ ಮಾತುಗಳನ್ನು ಎಣಿಸಿ ಹೇಳಬಲ್ಲೆ. ಆದರೆ ನಿಲ್ದಾಣದಿಂದ ಮೈದಾನದವರೆಗೆ, ಮೈದಾನದ ಗದ್ದಲದಲ್ಲಿ, ಮಕ್ಕಳ ರೈಲಿನ ಸರದಿಯಲ್ಲಿ, ಒಂದು ಕ್ಷಣವೂ ನನ್ನ ಕೈ ಬಿಡಲಿಲ್ಲ. ರಾತ್ರಿ ಮಲಗಿದಾಗ ಮಣಿಕಟ್ಟಿನಲ್ಲಿ ಅವರ ಬೆರಳುಗಳ ಬೆವರು ಇನ್ನೂ ಇದ್ದಂತಿತ್ತು.

1996ರ ಮೇ ತಿಂಗಳಲ್ಲಿ ನನ್ನ ಅಕ್ಕನ ಮದುವೆ ನಿಶ್ಚಯವಾಗಿತ್ತು. ಮಾರ್ಚ್ ತಿಂಗಳ ಒಂದು ರಾತ್ರಿ ತಂದೆಯವರು ಎದೆಯನ್ನು ಒತ್ತಿಕೊಂಡು ಎದ್ದು ಕುಳಿತರು. ಮೈಯೆಲ್ಲ ಬೆವರು. "ಗ್ಯಾಸ್ ಆಗೇದ, ಏನೂ ಇಲ್ಲ, ಮಲಕೋರಿ" ಎಂದರು. ಅಜವಾನ ಅಗಿದು ಬಿಸಿನೀರು ಕುಡಿದರು, ಸೋಡಾ ಕುಡಿದರು. ಬೆಳಗಿನವರೆಗೆ ಹಾಗೆಯೇ ಕುಳಿತರು. ಎಡಗೈ ಸೋಲುತ್ತಿದೆಯೆಂದು ಒಮ್ಮೆ ಮಾತ್ರ ಹೇಳಿದರು. ಬೆಳಿಗ್ಗೆ ಬಾಡಿಗೆಯ ಜೀಪು ಸಿಕ್ಕು ದೊಡ್ಡ ಊರಿನ ಆಸ್ಪತ್ರೆಯ ದಾರಿ ಹಿಡಿದೆವು. ಆಸ್ಪತ್ರೆ ಮುಟ್ಟಲಿಲ್ಲ. ವಯಸ್ಸು 56, ನಿವೃತ್ತಿಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿತ್ತು. ನಾನಾಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಬಂದವರೆಲ್ಲ ಕೇಳಿದ ಪ್ರಶ್ನೆ ಒಂದೇ: ಕಾಯಿಲೆ ಏನಿತ್ತು? ನಾವೆಲ್ಲ ಕೊಟ್ಟ ಉತ್ತರವೂ ಒಂದೇ: ಏನೂ ಇರಲಿಲ್ಲ.

ಎದೆಯ ನಡುವೆ ಭಾರ ಅಥವಾ ಹಿಂಡಿದಂಥ ನೋವು, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಉಸಿರಿನ ತೊಂದರೆ, ಇವು ಹೃದಯಾಘಾತದ ಲಕ್ಷಣಗಳೆಂದು ಇಂದು ಎಲ್ಲರೂ ಬಲ್ಲರು. ಮಧುಮೇಹವಿರುವವರಲ್ಲಿ ನೋವೇ ಇಲ್ಲದೆಯೂ ಆಗಬಹುದು. ಮೊದಲ ಒಂದೆರಡು ಗಂಟೆಗಳಲ್ಲಿ ಚಿಕಿತ್ಸೆ ಸಿಕ್ಕಿದರೆ ಹೃದಯದ ಸ್ನಾಯು ಬಹಳಷ್ಟು ಉಳಿಯುತ್ತದೆ. ಇಂದು 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ. ಆ ಸೇವೆ ಮೊದಲು ಆರಂಭವಾದದ್ದು ನಮ್ಮ ಹೈದರಾಬಾದಿನಲ್ಲಿಯೇ, 2005ರ ಆಗಸ್ಟ್ 15ರಂದು. ಕರ್ನಾಟಕಕ್ಕೆ 2008ರಲ್ಲಿ ಬಂತು. 1996ರಲ್ಲಿ ನಮ್ಮೂರಿನಲ್ಲಿ ಬಾಡಿಗೆಯ ಜೀಪೇ ಗತಿ. ಆದರೂ ರಾತ್ರಿಯೇ ಹೊರಟಿದ್ದರೆ ಎಂಬ ಮಾತು ಅವ್ವನ ಬಾಯಲ್ಲಿ ಇಂದಿಗೂ ಬರುತ್ತದೆ.

ಇಂಥ ಸಾವುಗಳ ಮುಂದಿನ ಅಧ್ಯಾಯವನ್ನು ನಾನು ಬ್ಯಾಂಕಿನ ಮೇಜಿನ ಈಚೆ ಕುಳಿತು ಅನೇಕ ಸಲ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಚೀಲದ ತುಂಬ ಕಾಗದಗಳನ್ನು ತಂದು ನನ್ನ ಮುಂದೆ ಸುರುವಿದರು. ಗಂಡ ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಯಾವ ಬ್ಯಾಂಕಿನಲ್ಲಿ ಠೇವಣಿ ಇದೆ, ಸಾಲ ಎಷ್ಟಿದೆ, ವಿಮೆಯ ಕಂತು ಕಟ್ಟಿದ್ದಾರೆಯೇ ಇಲ್ಲವೇ, ಆಕೆಗೆ ಒಂದೂ ತಿಳಿಯದು. "ನನಗ್ಯಾಕೆ ಚಿಂತೆ ಅಂತ ಹೇಳ್ತಿರಲಿಲ್ಲ ಸಾರ್" ಎಂದರು. ಆ ಮಾತನ್ನು ದೂರಾಗಿ ಹೇಳಲಿಲ್ಲ; ಗಂಡನ ಪ್ರೀತಿಗೆ ಪ್ರಮಾಣವೆಂಬಂತೆ ಹೇಳಿದರು.

ಹತ್ತು ವರ್ಷ ವಹಿವಾಟಿಲ್ಲದ ಠೇವಣಿಗಳು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತವೆ. ಹಕ್ಕುದಾರರು ಅನಂತರವೂ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಇಂಥ ಠೇವಣಿಗಳನ್ನು ಹುಡುಕಲು 'ಉದ್ಗಮ್' ಎಂಬ ಅಂತರ್ಜಾಲ ವ್ಯವಸ್ಥೆ 2023ರಲ್ಲಿ ಬಂದಿದೆ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. (ನಾಮಿನಿ ಎಂದರೆ ಹಣವನ್ನು ಬ್ಯಾಂಕಿನಿಂದ ಪಡೆದುಕೊಳ್ಳುವವರು ಮಾತ್ರ, ಅದರ ಒಡೆಯರಲ್ಲ, ವಾರಸುದಾರರ ಹಕ್ಕು ಬೇರೆ. ಇದನ್ನು ದಿನಕ್ಕೆ ಒಬ್ಬರಿಗಾದರೂ ಹೇಳುತ್ತಿರುತ್ತೇನೆ.) ಇಷ್ಟೆಲ್ಲ ವಿಧಿಗಳನ್ನು ಜನರಿಗೆ ಬೋಧಿಸುವ ನಾನು ನನ್ನ ಹಣದ ಸಂಗತಿಯನ್ನೆಲ್ಲ ಹೆಂಡತಿಗೆ ಬರೆದುಕೊಟ್ಟಿದ್ದೆ. ಆ ವಿಷಯದಲ್ಲಿ ನನ್ನಷ್ಟು ಜವಾಬ್ದಾರಿಯ ಗೃಹಸ್ಥನಿಲ್ಲವೆಂಬ ಹೆಮ್ಮೆ ಇತ್ತು. ಇನ್ನೊಂದು ವಿಷಯದಲ್ಲಿ ಏನು ಮಾಡಿದ್ದೆನೆಂಬುದನ್ನು ಈಗ ಹೇಳಬೇಕು.

2025ರ ಜುಲೈ ತಿಂಗಳಲ್ಲಿ ಅಧಿಕಾರಿಗಳ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ನನ್ನ ರಕ್ತದೊತ್ತಡ 156/98 ಎಂದು ಬಂತು. ಒಂದು ವಾರ ಬಿಟ್ಟು ಮತ್ತೆ ನೋಡಿದರೂ ಹೆಚ್ಚು ಕಡಿಮೆ ಅಷ್ಟೇ. 140/90 ದಾಟಿ ನಿಂತರೆ ಅದನ್ನು ಅಧಿಕ ರಕ್ತದೊತ್ತಡವೆನ್ನುತ್ತಾರೆ. ಖಾಲಿ ಹೊಟ್ಟೆಯ ಸಕ್ಕರೆ 118. ನೂರರಿಂದ 125ರವರೆಗೆ ಮಧುಮೇಹದ ಹೊಸ್ತಿಲು. 126 ಆದರೆ ಹೊಸ್ತಿಲು ದಾಟಿದಂತೆ. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ, 13 ಕೋಟಿಗೂ ಹೆಚ್ಚು ಜನ ಆ ಹೊಸ್ತಿಲಿನಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೃಹತ್ ಸಮೀಕ್ಷೆ 2023ರಲ್ಲಿ ತಿಳಿಸಿತು. ಆ 13 ಕೋಟಿಯಲ್ಲಿ ನಾನೂ ಒಬ್ಬ. ಸೊಂಟದ ಸುತ್ತಳತೆ ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಮೀರಬಾರದಂತೆ. ನನ್ನದು 98.

ವೈದ್ಯರು ಕೇಳಿದರು: "ತಂದೆಯವರಿಗೆ ಹೃದಯದ ಕಾಯಿಲೆ ಇತ್ತೆ? ಎಷ್ಟನೆಯ ವಯಸ್ಸಿನಲ್ಲಿ ಕಾಣಿಸಿತು?" ನಾನು ಅಭ್ಯಾಸಬಲದಿಂದ, "ಕಾಯಿಲೆ ಏನೂ ಇರಲಿಲ್ಲ. ಐವತ್ತಾರಕ್ಕೆ ಇದ್ದಕ್ಕಿದ್ದಂತೆ ಹೋದರು" ಎಂದೆ. ಅವರು ಬರೆದುಕೊಂಡರು. ತಂದೆಗಾಗಲಿ ಸಹೋದರನಿಗಾಗಲಿ 55 ತುಂಬುವ ಮೊದಲೇ ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ಪ್ರತ್ಯೇಕ ಅಪಾಯವೆಂದು ಎಣಿಸುತ್ತಾರೆ, ನಿಮ್ಮದು ಆ ಗೆರೆಯ ಸ್ವಲ್ಪ ಆಚೆ ಬರುತ್ತದೆ ಎಂದು ವಿವರಿಸಿದರು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಎಂಬ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆಂದೂ ಹೇಳಿದರು. ದಿನಕ್ಕೊಂದು ಮಾತ್ರೆ, ಉಪ್ಪು ಐದು ಗ್ರಾಮಿಗೆ ಮೀರದಂತೆ, ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ, ಮೂರು ತಿಂಗಳಿಗೊಮ್ಮೆ ಭೇಟಿ. ಐದು ಗ್ರಾಮು ಎಂದರೆ ಒಂದು ಸಣ್ಣ ಚಮಚ. ನಮ್ಮ ಊಟದ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳನ್ನು ನೆನೆದು ನಾನು ಸುಮ್ಮನಾದೆ. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಹೊರತಂದ ಆಹಾರ ಮಾರ್ಗದರ್ಶಿಯೂ ಉಪ್ಪನ್ನು ಇಷ್ಟಕ್ಕೇ ಮಿತಗೊಳಿಸಲು ಹೇಳುತ್ತದೆ.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಮಾತ್ರೆಯ ಹಾಳೆಯನ್ನು ಕಚೇರಿಯ ಚೀಲದ ಒಳಜೇಬಿನಲ್ಲಿಟ್ಟೆ. ಮಧ್ಯಾಹ್ನದ ಊಟವಾದ ಮೇಲೆ ನುಂಗುತ್ತಿದ್ದೆ. ಭಾನುವಾರಗಳಲ್ಲಿ ಮರೆಯುತ್ತಿದ್ದೆ. ಮಗಳಿಗೆ ಹದಿಮೂರು, ಓದುವ ವಯಸ್ಸು, ಅವ್ವನಿಗೆ ಎಪ್ಪತ್ತೆಂಟು, ಹೆಂಡತಿ ಸುಮ್ಮನೆ ಹೆದರುವ ಸ್ವಭಾವದವಳು. ಇವು ನಾನು ನನಗೇ ಕೊಟ್ಟುಕೊಂಡ ಕಾರಣಗಳು. ನಿಜವಾದ ಕಾರಣ ಬೇರೆ ಇತ್ತೆಂದು ಈಗ ಅನಿಸುತ್ತದೆ. ಮಗ ಇನ್ನೂ ನನ್ನ ಹೆಗಲೇರಿ ಕುಳಿತುಕೊಳ್ಳುತ್ತಾನೆ. ಕಾಯಿಲೆಯವನೆಂದು ತಿಳಿದರೆ ಇಳಿದುಬಿಡುತ್ತಾನೇನೋ ಎಂಬ ಭಯ. ನಲವತ್ತೆಂಟು ವರ್ಷದ ಗಂಡಸು ಇಂಥದ್ದನ್ನು ಬಾಯಿಬಿಟ್ಟು ಹೇಳುವುದು ಕಷ್ಟ, ಬರೆಯುವುದೂ ಕಷ್ಟವೇ.

ಗಂಡಸಿನ ದೇಹ ತಂದೆತನದಿಂದ ಬದಲಾಗುವುದಿಲ್ಲವೆಂದು ನಾವೆಲ್ಲ ತಿಳಿದಿದ್ದೇವೆ. ಹಾಗೇನೂ ಇಲ್ಲವಂತೆ. ಫಿಲಿಪ್ಪೀನ್ಸ್ ದೇಶದಲ್ಲಿ ಆರು ನೂರಕ್ಕೂ ಹೆಚ್ಚು ತರುಣರನ್ನು ಕೆಲವು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆಯಾದವರ ದೇಹದಲ್ಲಿ ಟೆಸ್ಟೋಸ್ಟಿರೋನ್ ಎಂಬ ಪುರುಷ ಹಾರ್ಮೋನು ಇಳಿದದ್ದು ಕಂಡುಬಂತು. ಮಕ್ಕಳ ಆರೈಕೆಯಲ್ಲಿ ಹೆಚ್ಚು ಹೊತ್ತು ಕಳೆಯುವವರಲ್ಲಿ ಅದು ಇನ್ನೂ ಕಡಿಮೆ. ಮಗು ಹುಟ್ಟುವ ಮುಂಚಿನ ಮತ್ತು ಅನಂತರದ ತಿಂಗಳುಗಳಲ್ಲಿ ಹತ್ತರಲ್ಲಿ ಒಬ್ಬ ತಂದೆಯಾದರೂ ಖಿನ್ನತೆಗೆ ಒಳಗಾಗುತ್ತಾನೆಂದು ಬೇರೆ ಅಧ್ಯಯನಗಳು ಹೇಳುತ್ತವೆ. ಸ್ವೀಡನ್ ದೇಶ 1974ರಷ್ಟು ಹಿಂದೆಯೇ ಮಕ್ಕಳ ಆರೈಕೆಗಾಗಿ ತಂದೆಯರಿಗೂ ವೇತನಸಹಿತ ರಜೆಯ ಹಕ್ಕು ಕೊಟ್ಟಿತು. ನಮ್ಮಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಹದಿನೈದು ದಿನದ ಪಿತೃತ್ವ ರಜೆಯಿದೆ. ತಾಯಂದಿರಿಗೆ 2017ರ ತಿದ್ದುಪಡಿಯ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ. ಈ ವಿಷಯವನ್ನು ವೈದ್ಯ ಲೇಖಕರು ಮುಂದಿನ ಸಂಚಿಕೆಯಲ್ಲಿ ವಿಸ್ತರಿಸಲೆಂದು ಕೋರಿ ನನ್ನ ಕಥೆಗೆ ಮರಳುತ್ತೇನೆ.

ಡಿಸೆಂಬರ್ 14, ಭಾನುವಾರ. ಕ್ಯಾಲ್ಕುಲೇಟರಿಗಾಗಿ ಮಗಳು ನನ್ನ ಚೀಲಕ್ಕೆ ಕೈ ಹಾಕಿದಳು. ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ಮಾತ್ರೆಯ ಹಾಳೆಯನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು.

"ಅಪ್ಪಾ, ಈ ಗುಳಿಗಿ ಯಾರದು?"

"ಆಫೀಸಿನ್ಯಾಗ ಒಬ್ಬರದು, ಇಟ್ಟುಕೋ ಅಂತ ಕೊಟ್ಟಿದ್ರು."

ಮಡಿಸಿದ ಔಷಧಿಯ ಚೀಟಿಯನ್ನೂ ಬಿಚ್ಚಿ ಇಟ್ಟಳು. ಅದರ ಮೇಲೆ ನನ್ನ ಹೆಸರು, ವಯಸ್ಸು, ಜುಲೈ ತಿಂಗಳ ದಿನಾಂಕ. ಹೆಂಡತಿ ಅದನ್ನು ಓದಿ, ಏನೂ ಮಾತನಾಡದೆ ಎದ್ದು ಅಡುಗೆಮನೆಗೆ ಹೋದಳು. ಮಗಳು ಮಾತ್ರ ಕದಲಲಿಲ್ಲ.

"ನನ್ನ ಮಾರ್ಕ್ಸ್ ಕಾರ್ಡ್ ನಾನು ಐದು ತಿಂಗಳು ಮುಚ್ಚಿಟ್ಟಿದ್ದರ ನೀ ಏನಂತಿದ್ದಿ?"

ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಅವ್ವ, ತಟ್ಟೆಯಿಂದ ತಲೆಯೆತ್ತದೆ, "ಇವರಪ್ಪನೂ ಹೀಂಗೇ" ಎಂದಳು. ಸ್ವಲ್ಪ ತಡೆದು, "ನನ್ನ ಪೆಟ್ಟಿಗ್ಯಾಗ ಅವರ ಲೆಕ್ಕದ ಬುಕ್ಕು ಅದಾವ. ತಗಸಿ ನೋಡು" ಎಂದಳು.

ರಾಯಚೂರಿನಿಂದ ಬರುವಾಗ ತಂದ ತಗಡಿನ ಪೆಟ್ಟಿಗೆ ಅದು. ತಂದೆಯವರ ಮೂರು ದಿನಚರಿ ಪುಸ್ತಕಗಳಿದ್ದವು: 1993, 1994, ಮತ್ತು 1995ರ ಪುಸ್ತಕ; ಅದರ ಕೊನೆಯ ಖಾಲಿ ಹಾಳೆಗಳಲ್ಲಿ 1996ರ ಎರಡು ತಿಂಗಳು. ಅವನ್ನು ನಾನು ಮೊದಲೂ ಕಂಡಿದ್ದೆ. ಎಲ್ಲವೂ ಕನ್ನಡದಲ್ಲಿ, ಮುತ್ತಿನಂಥ ಅಕ್ಷರ: ಹಾಲು, ಕಿರಾಣಿ, ಮನೆ ಬಾಡಿಗೆ, ನನ್ನ ಕಾಲೇಜಿನ ಫೀಸು. ನಡುನಡುವೆ ಉರ್ದು ಲಿಪಿಯಲ್ಲಿ ಒಂದೊಂದು ಸಾಲು, ಮುಂದೆ ಅಂಕಿ. ಹಳೆಯ ಅಭ್ಯಾಸವೆಂದು ಅಂದು ಬಿಟ್ಟುಬಿಟ್ಟಿದ್ದೆ. ಈ ಸಲ ಲೆಕ್ಕ ತಪಾಸಣೆಗೆ ಕುಳಿತವನಂತೆ ನೋಡಿದೆ. ಕನ್ನಡದ ಸಾಲುಗಳನ್ನು ಮಾತ್ರ ಕೂಡಿಸಿದರೆ ತಿಂಗಳ ಮೊತ್ತ ತಾಳೆಯಾಗುವುದಿಲ್ಲ. ಉರ್ದು ಸಾಲುಗಳ ಅಂಕಿ ಸೇರಿಸಿದರೆ ಪೈಸೆಗೆ ಪೈಸೆ ಸರಿಯಾಗುತ್ತದೆ.

ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ನಿವೃತ್ತ ಉರ್ದು ಶಿಕ್ಷಕರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಮಾಸ್ಟರ್ ಸಾಹೇಬರೆನ್ನುತ್ತೇವೆ. ಮರುದಿನ ಸಂಜೆ ಪುಸ್ತಕಗಳನ್ನು ಒಯ್ದೆ. ಕನ್ನಡಕವನ್ನು ಹಣೆಗೇರಿಸಿ, ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಓದತೊಡಗಿದರು. ಮೊದಲನೆಯದು 1993ರ ನವೆಂಬರ್ ತಿಂಗಳದು: "ಸೀನೆ ಮೇ ದರ್ದ್. ಡಾಕ್ಟರ್ ಸಾಹಬ್, ಬೀಸ್ ರೂಪಯೇ." ಎದೆನೋವು, ಡಾಕ್ಟರಿಗೆ ಇಪ್ಪತ್ತು ರೂಪಾಯಿ. ಅನಂತರ ಎರಡು ತಿಂಗಳಿಗೊಮ್ಮೆ, ಒಮ್ಮೊಮ್ಮೆ ತಿಂಗಳಿಗೊಮ್ಮೆ: "ದವಾ." 1995ರಲ್ಲಿ ಒಂದು ಕಡೆ ಇ.ಸಿ.ಜಿ. ಖರ್ಚು. ಕೊನೆಯ ಸಾಲಿಗೆ ಬಂದಾಗ ಮಾಸ್ಟರ್ ಸಾಹೇಬರು ಒಂದು ಕ್ಷಣ ನಿಂತರು. 1996ರ ಜನವರಿ. ಮುಂದೆ ಅಂಕಿ ಇಲ್ಲದ ಸಾಲು ಅದೊಂದೇ. "ಹೈದರಾಬಾದ್ ಜಾನಾ ಹೈ. ಶಾದಿ ಕೆ ಬಾದ್."

ಹೈದರಾಬಾದಿಗೆ ಹೋಗಬೇಕು. ಮದುವೆ ಆದ ಮೇಲೆ.

ಅಕ್ಕನ ಮದುವೆ ಮುಂದೆ ಹೋಯಿತು. ಮರುವರ್ಷ ಸೋದರಮಾವನವರು ನಿಂತು ನಡೆಸಿದರು.

ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆ. ಅಳುವಳೆಂದು ತಿಳಿದಿದ್ದೆ. ಅಳಲಿಲ್ಲ. "ಗುಳಿಗಿ ಚೀಟಿ ಅವರ ಅಂಗಿ ಕಿಸೆದಾಗ ನನಗ ಒಮ್ಮೆ ಸಿಕ್ಕಿತ್ತು. ಕೇಳಿದರ ಅವರಿಗೆ ಕೆಟ್ಟ ಅನಿಸೀತು ಅಂತ ತಿರುಗಿ ಅಲ್ಲೇ ಇಟ್ಟೆ" ಎಂದಳು. ಇಪ್ಪತ್ತೊಂಬತ್ತು ವರ್ಷ ಆ ಮಾತನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಆ ಮನೆಯಲ್ಲಿ ಕಾಯಿಲೆಯನ್ನು ಇಬ್ಬರು ಬಲ್ಲವರಾಗಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದರು.

ಡಿಸೆಂಬರ್ ಮೂರನೆಯ ವಾರದಲ್ಲಿ ವೈದ್ಯರ ಬಳಿಗೆ ಹೋದಾಗ ಹೆಂಡತಿಯೂ ಜೊತೆಯಲ್ಲಿದ್ದಳು. 1993ರ ನವೆಂಬರಿನಲ್ಲಿ ತಂದೆಯವರಿಗೆ 54 ವರ್ಷ. ಎಂದರೆ ವೈದ್ಯರು ಹೇಳಿದ್ದ ಆ 55ರ ಗೆರೆಯ ಈಚೆ. ಆ ಒಂದು ಸಾಲು ಓದಿ ಅವರು ನನ್ನ ಕಡತದಲ್ಲಿ ಹಿಂದೆ ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಕೊಬ್ಬಿನ ಅಂಶದ ಪರೀಕ್ಷೆಯನ್ನು ಮತ್ತೆ ಮಾಡಿಸಿದರು. ಒಂದು ಮಾತ್ರೆ ಎರಡಾಯಿತು. ನನ್ನ ಅಕ್ಕನಿಗೂ ತಿಳಿಸಿ ಎಂದರು. ನನ್ನ ಮಕ್ಕಳು ದೊಡ್ಡವರಾದಾಗ ಅವರ ವೈದ್ಯರೂ ಇದೇ ಪ್ರಶ್ನೆ ಕೇಳುತ್ತಾರಂತೆ.

ಬರೆದಿಟ್ಟದ್ದು ಎಷ್ಟು ಕಾಲದ ಮೇಲೆ ಯಾರಿಗೆ ಉಪಯೋಗಕ್ಕೆ ಬರುತ್ತದೆಂದು ಹೇಳಲಾಗದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಅದು ನಿತ್ಯದ ಕೆಲಸ. ಸುಮಾರು ಅರುವತ್ತು ವರ್ಷಗಳ ಬಳಿಕ, 1990ರ ದಶಕದಲ್ಲಿ, ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು ಮೈಸೂರಿನ ಬೀದಿಗಳಲ್ಲಿ ಅಂದಿನ ಶಿಶುಗಳನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ನಡುವಯಸ್ಸಿನ ಹೃದಯರೋಗ ಹೆಚ್ಚಾಗಿತ್ತು. ಗರ್ಭಿಣಿಯ ತಟ್ಟೆಯಲ್ಲಿ ಏನು ಬೀಳುತ್ತದೆಂಬುದು ಅರ್ಧ ಶತಮಾನದ ಅನಂತರದ ಹೃದಯಕ್ಕೂ ಸಂಬಂಧಪಟ್ಟದ್ದೆಂದು ಜಗತ್ತಿಗೆ ತಿಳಿಸಿದ ಸಾಕ್ಷ್ಯಗಳಲ್ಲಿ ಅದೂ ಒಂದು.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, ತಮ್ಮ 46ನೆಯ ವಯಸ್ಸಿನಲ್ಲಿ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಅಗಲಿದಾಗ ಈ ಹೈದರಾಬಾದಿನ ಕನ್ನಡಿಗರೂ ತಮ್ಮ ಮನೆಯವರನ್ನು ಕಳೆದುಕೊಂಡಂತೆ ಅತ್ತರು. ನಿತ್ಯ ವ್ಯಾಯಾಮ ಮಾಡುತ್ತಿದ್ದವರು. ಬೆಂಗಳೂರಿನ ಆಸ್ಪತ್ರೆಗಳ ಮುಂದೆ ಹೃದಯ ತಪಾಸಣೆಗಾಗಿ ಜನ ಸಾಲುಗಟ್ಟಿದರೆಂದು ಪತ್ರಿಕೆಗಳಲ್ಲಿ ಬಂತು. ನನಗೆ ನೆನಪಿನಲ್ಲಿ ಉಳಿದದ್ದು ಬೇರೆ. 2006ರಲ್ಲಿ ತಂದೆ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಲಾಗಿತ್ತು. ಹದಿನೈದು ವರ್ಷಗಳ ಮೇಲೆ ಮಗನ ಕಣ್ಣುಗಳನ್ನೂ ದಾನ ಮಾಡಿದರು, ನಾಲ್ವರಿಗೆ ದೃಷ್ಟಿ ಬಂತು. ತಂದೆಯಿಂದ ಮಗನಿಗೆ ರಕ್ತದಲ್ಲಿ ಹರಿಯುವುದು ಬೇರೆ, ನೋಡಿ ಕಲಿಯುವುದು ಬೇರೆ. ಮೌನವನ್ನು ನಾನು ಈ ಎರಡನೆಯ ದಾರಿಯಿಂದ ಪಡೆದಿದ್ದೆ.

ಈಗ ನಮ್ಮ ಮನೆಯಲ್ಲಿ ರಕ್ತದೊತ್ತಡ ನೋಡುವ ಸಣ್ಣ ಯಂತ್ರವಿದೆ. ಕಾಫಿ ಕುಡಿದು ಅರ್ಧ ಗಂಟೆಯಾಗಿರಬೇಕು, ಐದು ನಿಮಿಷ ಸುಮ್ಮನೆ ಬೆನ್ನು ಒರಗಿಸಿ ಕುಳಿತಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಮಾತನಾಡಬಾರದು. ಈ ಕೊನೆಯ ನಿಯಮವನ್ನು ಮಗಳು ನನಗೆ ಬಹಳ ಗಂಭೀರವಾಗಿ ವಿಧಿಸುತ್ತಾಳೆ. ಬಂದ ಅಂಕಿಯನ್ನು ಅಜ್ಜನ 1994ರ ಪುಸ್ತಕದ ಕೊನೆಯಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ಬರೆಯುತ್ತಾಳೆ. ಡಿಸೆಂಬರ್ 31ರ ರಾತ್ರಿಯ ನಮೂದು: 138/86. ಮಗ ಈಗಲೂ ಹೆಗಲೇರುತ್ತಾನೆ, ಏರುವ ಮುಂಚೆ "ಗುಳಿಗಿ ತಗೊಂಡ್ಯಾ?" ಎಂದು ಕೇಳುವುದನ್ನು ಮಾತ್ರ ಹೊಸದಾಗಿ ಕಲಿತಿದ್ದಾನೆ. ಜನವರಿಯಲ್ಲಿ ಅವರಿಬ್ಬರನ್ನೂ ನುಮಾಯಿಷಿಗೆ ಕರೆದುಕೊಂಡು ಹೋದಾಗ ಮಿರ್ಚಿ ಭಜಿಯ ಅಂಗಡಿಯ ಮುಂದೆ ಮಗಳು ನನ್ನ ಕೈ ಹಿಡಿದು ಆಚೆಗೆ ಎಳೆದಳು.

ಆಕೆ ಬರೆಯುವುದು ತೆಲುಗು ಲಿಪಿಯಲ್ಲಿ. ತೆಲಂಗಾಣದ ಶಾಲೆಗಳಲ್ಲಿ 2018ರ ಕಾನೂನಿನಂತೆ ತೆಲುಗು ಕಡ್ಡಾಯ. ಮನೆಯಲ್ಲಿ ಕನ್ನಡ ಮಾತನಾಡಿದರೂ ಓದಲು ತಡವರಿಸುತ್ತಾಳೆ. ಅಜ್ಜನ ಉರ್ದು ನನಗೆ ಬಾರದು, ನನ್ನ ಕನ್ನಡ ಆಕೆಗೆ ಸರಿಯಾಗಿ ಬಾರದು. ಆದ್ದರಿಂದ ಈ ಲೇಖನವನ್ನು ಸಂಪಾದಕರಿಗೆ ಕಳುಹಿಸುವ ಮುನ್ನ ಆಕೆಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಪೂರ್ತಿ ಓದಿ ಹೇಳಿದೆ. ಕೊನೆಯವರೆಗೆ ಕೇಳಿ ಒಂದು ತಪ್ಪು ಹಿಡಿದಳು: ಡಿಸೆಂಬರ್ 24 ಮತ್ತು 25ರಂದು ನಾನು ಮಾತ್ರೆ ಮರೆತದ್ದನ್ನು ಬರೆದಿಲ್ಲ. ಸರಿ, ಮರೆತಿದ್ದೆ. ಬರೆದಿದ್ದೇನೆ.